ಬಣ್ಣ ಬಿಡದ ದೊರೆಯ ಮುಖ

"ಗೋಡಿಗೆ ಉಗುಳು ಹಚ್ಚು," ಎಂದ ರಯಿಸ್ ಬಶಂದಿ.

ನಾನು ಅವನ ಮುಖವನ್ನೇ ನೋಡಿದೆ. ಎಪ್ಪತ್ತು ದಾಟಿದ ಮುದುಕ. ಅರಸರ ಗೋರಿಗಳನ್ನು ಅಗೆಯುವ ಆಳುಗಳಿಗೆ ನಲವತ್ತು ವರ್ಷ ರಯಿಸ್, ಅಂದರೆ ಮೇಸ್ತ್ರಿ, ಆಗಿದ್ದವನು. ಗೋಡೆಯ ಹತ್ತಿರ ಜೋರಾಗಿ ಉಸಿರು ಬಿಟ್ಟರೂ ಕೋಲು ಎತ್ತುತ್ತಿದ್ದವನು.

"ಮೂರು ಸಾವಿರ ವರ್ಷದ ಗೋಡಿಗೆ ಪೊಲೀಸರವ ಉಗುಳೋದಾ? ತಲಿ ಕೆಟ್ಟೈತೇನು ರಯಿಸ್?"

"ಹಚ್ಚಂದ್ರ ಹಚ್ಚು. ಮೊದಲ ಅಲ್ಲಿ, ಬಲಗಡೆ, ದೇವತಿ ಸೆರಗಿನ ತುದಿಗೆ. ಸಾಸಿವಿಯಷ್ಟು ಸಾಕು. ಪಾಪ ಬಂದ್ರ ನನ್ನ ತಲಿ ಮ್ಯಾಲ."

ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ, ದೇವತೆಯ ಕೆಂಪು ಸೆರಗಿನ ಅಂಚಿಗೆ ಒತ್ತಿದೆ. ಬೆರಳು ತೆಗೆದಾಗ ಅದರ ಮೇಲೆ ದಾಳಿಂಬೆ ರಸದಂಥ ಕಲೆ.

"ಈಗ ಇಲ್ಲಿ."

ಅವನು ದೀಪವನ್ನು ಎಡಗೋಡೆಗೆ ಹಿಡಿದ. ಅಲ್ಲಿ ದೊರೆಯ ಮುಖವಿರಬೇಕಿತ್ತು. ಈಗಿದ್ದದ್ದು ಎರಡು ಗೇಣು ಅಗಲದ ಬೋಳು ಹಳ್ಳ. ಹಳ್ಳದ ಅಂಚಿಗೆ, ದೊರೆಯ ಕಿವಿಯ ಹಿಂದೆ, ಎರಡು ಬೆರಳಗಲದ ಬಣ್ಣದ ಪಟ್ಟಿ ಮಾತ್ರ ಉಳಿದಿತ್ತು. ಅಲ್ಲೂ ಅದೇ ಕೆಂಪು. ಒದ್ದೆ ಬೆರಳನ್ನು ಒತ್ತಿದೆ. ಉಜ್ಜಿದೆ. ಮತ್ತೊಮ್ಮೆ ಉಜ್ಜಿದೆ.

ಬೆರಳು ಸ್ವಚ್ಛವಾಗಿತ್ತು.

"ಹಳೇ ಬಣ್ಣ ಗೋಂದಿನ ನೀರಾಗ ಕಲಿಸಿದ್ದು. ನೀರು ಕಂಡ್ರ ಬಿಟ್ಟ ಬರತೈತಿ," ಎಂದ ಬಶಂದಿ. "ಅದಕ್ಕ ನಾ ಜೀವಮಾನ ಎಲ್ಲಾ 'ಬೆವರಗೈ ಹಚ್ಚಬ್ಯಾಡ್ರಲೇ' ಅಂತ ಒದರಿದ್ದು. ಇದು ಬಿಡೂದಿಲ್ಲ. ಇದು ಡಬ್ಬಿ ಬಣ್ಣ. ಪ್ಲಾಸ್ಟಿಕ್ಕು."

"ಅಂದ್ರ…"

"ಅಂದ್ರ, ಶುಕ್ರವಾರ ಇಲ್ಲಿಂದ ಕಳುವಾದ ದೊರಿ, ದೊರಿನ ಅಲ್ಲ."

ನಾವು ನಿಂತಿದ್ದ ಈ ಪಾರಿವಾಳದ ಗೋರಿಯಿಂದ ದೊರೆಯ ಮುಖ ಮಾಯವಾಗಿ ನಾಲ್ಕು ದಿನವಾಗಿತ್ತು. ಆ ಗೋರಿಯ ಕಾವಲುಗಾರ ಬಗ್ದಾದಿ ಠಾಣೆಯ ಕಂಬಿಗಳ ಹಿಂದೆ ಸೇರಿಯೂ ನಾಲ್ಕೇ ದಿನ. ಅವನನ್ನು ಒಳಗೆ ಹಾಕಿದ ಕಾಗದಕ್ಕೆ ಸಹಿ ಮಾಡಿದವನು ನಾನು. ಪುರಾತನ ವಸ್ತುಗಳ ಪೊಲೀಸ್ ಪಡೆಯ ಕ್ಯಾಪ್ಟನ್ ಶಾಜ್ಲಿ, ಹುಟ್ಟಿದ್ದು ನೈಲ್ ದಡದ ಇದೇ ಗುರ್ನಾದಲ್ಲಿ, ಈ ಬೆಟ್ಟದ ಬುಡದಲ್ಲಿ.

ನಾನು ಮಂಡಿಯೂರಿ ಹಳ್ಳದೊಳಕ್ಕೆ ಬ್ಯಾಟರಿಯ ಬೆಳಕು ಬಿಟ್ಟೆ. ನಾಲ್ಕು ದಿನದ ಹಿಂದೆಯೂ ಬಿಟ್ಟಿದ್ದೆ. ಆಗ ನೋಡಿದ್ದೆ, ಆದರೆ ಕಂಡಿರಲಿಲ್ಲ.

ಹಳ್ಳದ ಬದಿಗಳಲ್ಲಿ ಗರಗಸದ ಗೀರುಗಳಿದ್ದವು. ಗೀರುಗಳ ಒಳಗೆಲ್ಲ ಮಸಿ ಬಣ್ಣದ ಧೂಳು ಕೂತಿತ್ತು, ಬಾವಲಿಗಳಿರುವ ಗೋರಿಯಲ್ಲಿ ಕೂರುವ ಜಿಡ್ಡು ಧೂಳು. ಒಂದು ವಾರದಲ್ಲಿ ಅಂಥ ಧೂಳು ಕೂರುವುದಿಲ್ಲ. ವರ್ಷಗಳು ಬೇಕು. ಅದರ ಮೇಲೆ ಅಲ್ಲಲ್ಲಿ ಬೆಳ್ಳಗೆ, ಹೊಸದಾಗಿ ಒಡೆದ ಗಾರೆಯ ತುಣುಕುಗಳು.

ಕಲ್ಲನ್ನು ಕೊಯ್ದದ್ದು ಒಂದು ಕಾಲ. ಗಾರೆಯನ್ನು ಒಡೆದದ್ದು ಇನ್ನೊಂದು ಕಾಲ.

ಮೊನ್ನೆ ನನ್ನ ಮೇಲಧಿಕಾರಿಗಳು ಹೇಳಿದ್ದು ನೆನಪಾಯಿತು. ಜುಮ್ಮಾ ನಮಾಜಿನ ಹೊತ್ತು, ಒಂದು ತಾಸು, ಕಾವಲುಗಾರನ ಹತ್ತಿರ ಬೀಗದ ಕೈ, ಇನ್ನೇನು ಬೇಕು? ನಾನೂ ತಲೆಯಾಡಿಸಿದ್ದೆ. ಇಂಥ ಕಲ್ಲನ್ನು ಒಡೆಯದಂತೆ ಕೊಯ್ದು ತೆಗೆಯಲು ಮೂರು ದಿನ ಬೇಕೆಂದು ಈ ಊರಿನ ಮೇಕೆಗಳಿಗೂ ಗೊತ್ತು. ನನಗೆ ಯಾಕೆ ಹೊಳೆಯಲಿಲ್ಲ?

ಗುರ್ನಾದವನ ಮೇಲೆ ಕಳ್ಳತನದ ಆರೋಪ ಬಂದರೆ ಯಾರೂ ಲೆಕ್ಕ ಹಾಕುವುದಿಲ್ಲ. ಗುರ್ನಾದಲ್ಲೇ ಹುಟ್ಟಿದ ನಾನೂ ಹಾಕಿರಲಿಲ್ಲ.

ಸಿಟ್ಟು ಹೊತ್ತಿಕೊಂಡಿತು. ಅದು ಮೊದಲು ಸುಟ್ಟದ್ದು ನನ್ನನ್ನೇ.

"ಅಸಲಿ ಮುಖ ಯಾವಾಗೋ ಹೋಗೈತಿ," ಎಂದೆ. "ಅದರ ಜಾಗಕ್ಕ ನಕಲು ಕೂಡಿಸ್ಯಾರ. ಈಗ ಆ ನಕಲೂ ಮಾಯ ಆಗಬೇಕಾಗಿತ್ತು. ಯಾಕ?"

"ಬರೂ ಸೋಮವಾರ ಯಾರ ಬರಾವ್ರು?" ಎಂದು ಕೇಳಿದ ಮುದುಕ.

ಪೋಲೆಂಡಿನ ತಂಡ. ಬಣ್ಣದ ಒಳಗೇನಿದೆ ಎಂದು ನೋಡುವ ಯಂತ್ರ ತರುವವರಿದ್ದರು. ಒಂದು ನಿಮಿಷ ಆ ಯಂತ್ರವನ್ನು ದೊರೆಯ ಮುಖಕ್ಕೆ ಹಿಡಿದಿದ್ದರೆ ಪ್ಲಾಸ್ಟಿಕ್ಕು ಹೊರಬೀಳುತ್ತಿತ್ತು.

"ಈ ಗೋರಿ ಹಿಂದ ಯಾವಾಗರ ಮುಚ್ಚಿತ್ತಾ?"

"ಹನ್ನೊಂದು ವರ್ಷದ ಹಿಂದ. ದುರಸ್ತಿ ಅಂತ. ಎಂಟು ತಿಂಗಳು ನನ್ನನ್ನೂ ಒಳಗ ಬಿಡಲಿಲ್ಲ."

"ದುರಸ್ತಿ ಮಾಡಿದ್ದು ಯಾರು?"

ಬಶಂದಿ ನೆಲಕ್ಕೆ ಉಗುಳಿದ. ಉತ್ತರ ಅದೇ ಆಗಿತ್ತು. ಗೋರಿಗಳ ಚಿತ್ರಗಳನ್ನು ಸರಿಪಡಿಸುವ ಕಾರ್ಯಾಗಾರಕ್ಕೆ ಹದಿನೈದು ವರ್ಷದಿಂದ ಒಬ್ಬನೇ ಯಜಮಾನ. ಕೈರೋದ ಡಾಕ್ಟರ್ ಮಮ್ದೂಹ್. ಶುಕ್ರವಾರ ಸಂಜೆ ಬಗ್ದಾದಿಯ ಕಡೆ ಬೆರಳು ತೋರಿಸಿದವನೂ ಅವನೇ.

ಪಟ್ಟಿಯ ಅಂಚಿನಿಂದ ಉಗುರಿನಷ್ಟು ಗಾರೆಯನ್ನು ಚಾಕುವಿನಲ್ಲಿ ಎಬ್ಬಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಹೊರಗೆ ಆಗಸ್ಟಿನ ಮಧ್ಯಾಹ್ನ. ಬೆಟ್ಟವೇ ಒಲೆಯಾಗಿತ್ತು. ಗೋರಿಯ ಬಾಯಿಗೆ ಅಡ್ಡಲಾಗಿ ಒಬ್ಬ ಹೆಂಗಸು ನಿಂತಿದ್ದಳು. ಬಗ್ದಾದಿಯ ಹೆಂಡತಿ ಶಲಬಿಯಾ. ಅವಳ ಹಿಂದೆ ಕಪ್ಪು ಬಟ್ಟೆಯ ಐದಾರು ಹೆಂಗಸರು, ನಾಲ್ಕು ಮಂದಿ ಮುದುಕರು.

"ಬಾರೋ ಬಾಶಾ," ಎಂದಳು, ದೊಡ್ಡ ಸಾಹೇಬರನ್ನು ಕರೆಯುವಂತೆ. "ನಿಮ್ಮವ್ವ ನಿನಗ ಹಾಲು ಸಾಲದಾದಾಗ ನಮ್ಮತ್ತಿ ಮನಿಗೆ ಕಳಸ್ತಿದ್ಲು. ಆ ಹಾಲಿನ ಋಣ ಚಲೋ ತೀರಿಸ್ದಿ."

"ಶಲಬಿಯಾ, ಕೇಳಿಲ್ಲೆ…"

"ನಾಲ್ಕು ದಿನ ಕೇಳೀನಿ! ಅವನ ಬಲಗೈ ಮೂರು ಬೆರಳು ಮುರದಾರಂತ. ಒಪ್ಕೊ ಒಪ್ಕೊ ಅಂತ ಬಾಗಲಾ ಸಂದಿಗೆ ಇಟ್ಟು ಮುರದಾರಂತ. ಏನು ಒಪ್ಕೋಬೇಕೊ? ಆ ದೊರಿ ಮಾರಿ ನನ್ನ ಗಂಡ ತಿಂದನಂತ ಒಪ್ಕೋಬೇಕೇನು? ನಾವು ಈ ಬೆಟ್ಟದ ಮ್ಯಾಲ ಕುಂತಿದ್ದಕ್ಕ ಕಳ್ಳರು. ಬೆಟ್ಟದ ಒಳಗ ಕೈ ಹಾಕಿದಾವ್ರು ಡಾಕ್ಟ್ರು!"

ಬೆರಳು ಮುರಿದದ್ದು ನನಗೆ ಗೊತ್ತಿರಲಿಲ್ಲ. ಹೊಡೆಯಬಾರದೆಂದು ಹೇಳಿದ್ದೆ. ಹೇಳಿ ಮನೆಗೆ ಹೋಗಿ ಮಲಗಿದ್ದೆ.

"ಅವ ಕದ್ದಿಲ್ಲ," ಎಂದೆ. ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದೆ. "ಬಗ್ದಾದಿ ಕದ್ದಿಲ್ಲ. ಇವತ್ತ ಹೊತ್ತು ಮುಳುಗೂದ್ರಾಗ ನಾನ ಕರಕೊಂಡು ಬರ್ತೀನಿ."

"ಪೊಲೀಸರ ಮಾತು," ಎಂದ ಒಬ್ಬ ಮುದುಕ.

"ಶಾಜ್ಲಿ ಮಾತು," ಎಂದೆ.

ಶಲಬಿಯಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ದಾರಿ ಬಿಟ್ಟಳು.

ಜೀಪಿನ ಹತ್ತಿರ ಬಶಂದಿ ನನ್ನ ತೋಳು ಹಿಡಿದ. "ಮೊದಲ ಠಾಣೆಗೆ ಹೋಗು. ಮೊದಲ ಅವನ್ನ ಬಿಡಿಸು."

"ಡಾಕ್ಟರ್ ಸಂಜಿ ವಿಮಾನಕ್ಕ ಕೈರೋಕ್ಕ ಹೊಂಟಾನ. ಕೈ ಜಾರಿದ್ರ ಸಿಗೂದಿಲ್ಲ. ಎರಡು ತಾಸು ರಯಿಸ್. ನಾಲ್ಕು ದಿನ ಕುಂತಾವ ಎರಡು ತಾಸು ಕುಂದ್ರತಾನ."

"ಸಿಟ್ಟು ದಾರಿ ತೋರಸ್ತೈತಿ ಅಂತ ತಿಳ್ಕೋಬ್ಯಾಡ," ಎಂದ ಮುದುಕ.

ಜೀಪು ಹತ್ತಿದೆ. ಠಾಣೆ ಎಡಕ್ಕಿತ್ತು, ಐದು ನಿಮಿಷದ ದಾರಿ. ನದಿ ಬಲಕ್ಕೆ. ನಾನು ಬಲಕ್ಕೆ ತಿರುಗಿಸಲು ಚಾಲಕನಿಗೆ ಹೇಳಿದೆ.

*

ನೈಲ್ ದಾಟಿ ಆಚೆ ದಡದ ಕಾರ್ಯಾಗಾರ ಮುಟ್ಟಿದಾಗ ಎರಡು ಗಂಟೆ ಹತ್ತು ನಿಮಿಷ. ನನ್ನ ಜೊತೆಗಿದ್ದ ಕ್ರೈಸ್ತ ಪೇದೆ ಶನೂದಾನನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಹೋದೆ.

ಫ್ಯಾನಿನ ಕೆಳಗೆ ಡಾಕ್ಟರ್ ಮಮ್ದೂಹ್ ಪೆಟ್ಟಿಗೆಗೆ ಅಂಗಿಗಳನ್ನು ಮಡಿಸಿಡುತ್ತಿದ್ದ. ಅರವತ್ತರ ಹತ್ತಿರದ ತೆಳ್ಳನೆಯ ಮನುಷ್ಯ. ಹೆಂಗಸರ ಕೈಯಂಥ ನೀಳ ಬೆರಳುಗಳು. ಮೇಜಿನ ಮೇಲೆ ವಿಮಾನದ ಚೀಟಿ, ಪುದೀನ ಹಾಕಿದ ಚಹಾ, ಒಂದು ಲೋಟ ನೀರು.

"ಬನ್ನಿ ಕ್ಯಾಪ್ಟನ್. ಚಹಾ ತರಿಸಲಾ? ಕಳ್ಳ ಒಪ್ಪಿಕೊಂಡನಾ?"

"ಅದಕ್ಕೇ ಬಂದೆ," ಎಂದೆ. ಕೈರೋದವರ ಮುಂದೆ ನಾನು ಕೈರೋದ ಮಾತನ್ನೇ ಆಡುತ್ತಿದ್ದೆ. ಕಾಲೇಜಿನಲ್ಲಿ ಕಲಿತ ಚಾಳಿ. "ಒಪ್ಪಿಕೊಳ್ಳೋ ಹಾಗಿದ್ದರೆ ಈಗಲೇ ಒಪ್ಪಿಕೊಳ್ಳಿ ಡಾಕ್ಟ್ರೇ."

ಅವನು ನಕ್ಕ. ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡಿದ.

ಕರವಸ್ತ್ರ ಬಿಚ್ಚಿ, ಗಾರೆಯ ತುಣುಕನ್ನು ಅವನ ನೀರಿನ ಲೋಟಕ್ಕೆ ಹಾಕಿದೆ. ಅದು ತಳ ಸೇರಿತು. ಇಬ್ಬರೂ ನೋಡುತ್ತ ನಿಂತೆವು. ನೀರು ತಿಳಿಯಾಗಿಯೇ ಇತ್ತು. ತುಣುಕಿನ ಕೆಂಪು ಒಂದಿಷ್ಟೂ ಮಾಸಲಿಲ್ಲ.

ಅವನ ನಗು ನಿಧಾನವಾಗಿ ಇಳಿಯಿತು. ಆದರೆ ಹೆದರಿಕೆ ಬರಲಿಲ್ಲ. ಅದರ ಜಾಗಕ್ಕೆ ಬೇರೇನೋ ಬಂತು.

"ಒಳ್ಳೇ ಕೆಲಸ ಅಲ್ವಾ?" ಎಂದ ಮೆಲ್ಲಗೆ.

"ಏನು?"

"ಹನ್ನೊಂದು ವರ್ಷ. ಎಷ್ಟು ಜನ ಪಂಡಿತರು ಅದರ ಮುಂದೆ ನಿಂತು ಕಣ್ಣೀರು ಹಾಕಿದರು ಗೊತ್ತಾ? ಆ ಕಣ್ಣೊಂದನ್ನೇ ಬರೆಯೋಕೆ ನನಗೆ ಐದು ವಾರ ಬೇಕಾಯಿತು. ಆ ರಾಜನ ಹೆಸರನ್ನು ಅವನ ನಂತರ ಬಂದವರು ಎಲ್ಲಾ ಕಡೆ ಕೆತ್ತಿ ಅಳಿಸಿದರು. ಉಳಿದಿದ್ದು ಆ ಮುಖ ಒಂದೇ. ಅದನ್ನ ನಾನು ಎರಡನೇ ಸಲ ಹುಟ್ಟಿಸಿದೆ."

"ಹುಟ್ಟಿಸಿ, ಹೆತ್ತವರನ್ನ ಮಾರಿದಿರಿ. ಅಸಲಿ ಎಲ್ಲಿದೆ?"

"ಸುರಕ್ಷಿತವಾಗಿದೆ."

"ಎಲ್ಲಿ?"

"ನಿಮ್ಮೂರಲ್ಲಿ ಇಲ್ಲ. ಅಷ್ಟು ಸಾಕು. ಅಲ್ಲಿದ್ದಿದ್ದರೆ ರೊಟ್ಟಿ ಒಲೆ ಹೊಗೆ ತಿಂದು ಕಪ್ಪಗಾಗಿರೋದು. ಗೋರಿ ಮೇಲೆ ಕತ್ತೆ ಕಟ್ಟೋ ಜನ ನೀವು."

ಗೋರಿಯ ಮೇಲೆ ಕತ್ತೆ ಕಟ್ಟಿದ್ದು ನನ್ನಜ್ಜ. ನಲವತ್ತೆರಡು ವರ್ಷ ಅದೇ ಗೋರಿಯನ್ನು ಕಾದು, ಒಂದು ಮಣಿಯನ್ನೂ ಮನೆಗೆ ತರದೆ ಸತ್ತವನು ನನ್ನಜ್ಜ.

ನನ್ನ ಕೈ ಅವನ ಕಾಲರಿನಲ್ಲಿತ್ತು. ಯಾವಾಗ ಹೋಯಿತೋ ಗೊತ್ತಿಲ್ಲ. ಚಹಾ ಉರುಳಿ ವಿಮಾನದ ಚೀಟಿಯ ಮೇಲೆ ಹರಿಯಿತು.

"ಕತ್ತಿ ಕಟ್ಟಿದಾವ್ರು ಕದ್ದಿಲ್ಲಲೇ! ಕೋಟು ಹಾಕ್ಕೊಂಡು ಬಂದಾವ ಕದ್ದಾನ! ನಿನ್ನ ಕಳವು ಮುಚ್ಚಾಕ ಒಬ್ಬ ಬಡವನ ಬೆರಳು ಮುರಸಿದ್ಯಲ್ಲ, ಆ ಬೆರಳು ನೀ ಬರಕೊಡ್ತಿ? ಐದು ವಾರ ಕುಂತು ಬರಕೊಡ್ತಿ?"

"ಓ," ಎಂದ ಡಾಕ್ಟರ್, ಉಸಿರು ಕಟ್ಟುತ್ತಿದ್ದರೂ. "ಹಳ್ಳಿ ಮಾತು ಹೊರಗೆ ಬಂತು."

"ಬಂತು. ಇನ್ನ ಒಳಗ ಹೋಗೂದಿಲ್ಲ. ಯಾರು ಮಾಡಂದ್ರು?"

"ಬಿಡಿ. ಉಸಿರಾಡೋಕಾಗ್ತಿಲ್ಲ."

ಬಿಟ್ಟೆ. ಅವನು ಕುರ್ಚಿಗೆ ಬಿದ್ದು ಕೊರಳು ಉಜ್ಜಿಕೊಂಡ. ಮತ್ತೆ ಗಡಿಯಾರ ನೋಡಿದ.

"ಹೆಸರು ಹೇಳಿದರೆ ನಾನು ಉಳಿಯೋಲ್ಲ. ನನ್ನ ಮೇಲೆ ನೀವು ಏನು ಸಾಬೀತು ಮಾಡ್ತೀರಿ? ಒಂದು ಚೂರು ಗಾರೆ. ದುರಸ್ತಿ ಮಾಡುವಾಗ ಅಂಚಿಗೆ ಹೊಸ ಬಣ್ಣ ಹಚ್ಚಿದ್ದೆ ಅಂತೀನಿ. ಎಲ್ಲರೂ ಹಚ್ತಾರೆ. ನಕಲು ಈಗ ಇಲ್ಲ. ಅಸಲಿ ಇಲ್ಲ. ಕೋರ್ಟಿನಲ್ಲಿ ಏನು ತೋರಿಸ್ತೀರಿ? ಲೋಟ?"

"ಕಲ್ಲು ಕೊಯ್ದದ್ದನ್ನ ಯಾರರ ನೋಡಿರ್ತಾರ."

ಕೊರಳು ಉಜ್ಜುತ್ತಿದ್ದ ಆ ನೀಳ ಬೆರಳುಗಳು ಅರೆಗಳಿಗೆ ನಿಂತವು.

ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

"ಯಾರು?" ಎಂದೆ. "ಎಂಟು ತಿಂಗಳು ಗೋರಿ ಮುಚ್ಚಿದಾಗ ಬಾಗಲಾ ಕಾದಾವ್ರು ಯಾರು?"

ಕೇಳುತ್ತಿದ್ದಂತೆಯೇ ಉತ್ತರ ನನ್ನ ಬಾಯಲ್ಲೇ ಇತ್ತು. ನನ್ನಜ್ಜ ಸತ್ತ ಮೇಲೆ ಆ ಗೋರಿಗೆ ಒಬ್ಬನೇ ಕಾವಲುಗಾರ. ಹದಿನಾಲ್ಕು ವರ್ಷದಿಂದ ಒಬ್ಬನೇ.

"ಬಗ್ದಾದಿ," ಎಂದೆ.

"ಮುಗ್ಧ ಮನುಷ್ಯ," ಎಂದ ಡಾಕ್ಟರ್. "ನನಗೆ ದೀಪ ಹಿಡಿದವನೇ ಅವನು. ಕಲ್ಲಿಗೆ ಕಾಯಿಲೆ, ಕೊಯ್ದು ತೆಗೆದು ಔಷಧಿ ಮಾಡಿ ವಾಪಸ್ ಕೂಡಿಸ್ತೀವಿ ಅಂದೆ. ನಂಬಿದ. ವಾಪಸ್ ಕೂಡಿಸಿದ್ದನ್ನೂ ನೋಡಿದ. 'ದೊರೆ ಗುಣ ಆದ್ರಾ ಡಾಕ್ಟ್ರೇ?' ಅಂತ ಕೇಳಿದ. ಪೆಟ್ಟಿಗೆ ಹೊತ್ತವರನ್ನ ನೋಡಿದ. ಪೆಟ್ಟಿಗೆ ಜೊತೆ ಬಂದಿದ್ದವರ ಮುಖಾನೂ ನೋಡಿದ."

ಅವನು ಮೂರನೇ ಸಲ ಗಡಿಯಾರ ನೋಡಿದ. ಎರಡೂವರೆ.

ಚಹಾದಲ್ಲಿ ನೆನೆದ ಚೀಟಿಯನ್ನು ಎತ್ತಿದೆ. ಶಾಯಿ ಹರಡಿದ್ದರೂ ಅಂಕಿ ಓದುವಂತಿತ್ತು.

"ನಿನ್ನ ವಿಮಾನ ಆರೂವರಿಗೆ," ಎಂದೆ. "ಎರಡೂವರಿಗೆ ಏನೈತಿ?"

ಡಾಕ್ಟರ್ ಮಮ್ದೂಹ್ ಮೊದಲ ಬಾರಿಗೆ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ನಾನು ಚಿತ್ರ ಬರೆಯೋನು ಕ್ಯಾಪ್ಟನ್," ಎಂದ. "ಬೇರೆ ಕೆಲಸ ಮಾಡೋರು ಬೇರೆ ಇದಾರೆ. ನಾನು ಬೇಡ ಅಂದೆ. ದೇವರಾಣೆ, ಅವನು ಪಾಪದವನು ಬಿಟ್ಟುಬಿಡಿ ಅಂದೆ."

ಟೆಲಿಫೋನು ಎತ್ತಿದೆ. ಠಾಣೆಯ ನಂಬರು ತಿರುಗಿಸಿದೆ. ಆಚೆಯಿಂದ ಗಂಟೆ ಬಾರಿಸಿತು, ಬಾರಿಸಿತು, ಬಾರಿಸುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಡಾಕ್ಟರನ ಕೈಗೆ ಕೋಳ ಹಾಕಿ, ಕೋಳದ ಇನ್ನೊಂದು ಬಳೆಯನ್ನು ಕಿಟಕಿಯ ಕಂಬಿಗೆ ಸಿಕ್ಕಿಸಿದೆ. ಬೀಗದ ಕೈಯನ್ನು ಶನೂದಾನ ಅಂಗೈಗೆ ಒತ್ತಿದೆ.

"ಮಂತ್ರಿ ಬಂದ್ರೂ ಬಿಡಬ್ಯಾಡ. ನಿಮ್ಮ ಪಾದ್ರಿ ಬಂದ್ರೂ ಬಿಡಬ್ಯಾಡ."

"ಪಾದ್ರಿ ಬಂದ್ರ ಅವರಿಗೂ ಕೋಳ ಹಾಕ್ತೀನಿ ಸಾಹೇಬ್ರ," ಎಂದ ಶನೂದಾ. ಅವನು ನಗಲಿಲ್ಲ. ನಾನೂ ನಗಲಿಲ್ಲ.

*

ದೋಣಿ ದಡ ಬಿಡಲು ಹತ್ತು ನಿಮಿಷ ತೆಗೆದುಕೊಂಡಿತು. ಕಬ್ಬಿನ ಹೊರೆಯ ಕತ್ತೆಯೊಂದು ಹಲಗೆಯ ಮೇಲೆ ಹೆಜ್ಜೆ ಇಡಲೊಲ್ಲದು. ಒಡೆಯ ಅದನ್ನು ಮುದ್ದಿನಿಂದ ಕರೆಯುತ್ತಿದ್ದ. ನಾನು ಪಿಸ್ತೂಲಿನ ಮೇಲೆ ಕೈ ಇಟ್ಟು ಕೂಗಿದಾಗ ದೋಣಿಯವನು ಕತ್ತೆಯನ್ನು ಬಿಟ್ಟು ಹಗ್ಗ ಬಿಚ್ಚಿದ.

ನದಿಯ ನಡುವೆ ಎಂಜಿನ್ನು ಗೊರಗುಟ್ಟಿತು. ಎದುರಿಗೆ ಬೆಟ್ಟ, ಬೆಟ್ಟದ ಬುಡದಲ್ಲಿ ನಮ್ಮ ನೀಲಿ ಹಳದಿ ಮನೆಗಳು. ಹೋದ ತಿಂಗಳಷ್ಟೇ ಮೇಲ್ಕೇರಿಯ ಆರು ಮನೆಗಳನ್ನು ಯಂತ್ರ ತಂದು ಕೆಡವಿದ್ದರು. ಕಳ್ಳರ ಊರು ಗೋರಿಗಳ ಮೇಲಿರಬಾರದಂತೆ. ನನ್ನ ಸಹಿ ಬಿದ್ದ ಬಗ್ದಾದಿಯ ಕಾಗದವೂ ಮನೆ ಕೆಡವುವ ಕಡತಕ್ಕೇ ಸೇರುತ್ತಿತ್ತು.

ಐದು ನಿಮಿಷದ ದಾರಿ. ಎಡಕ್ಕೆ ತಿರುಗಿದ್ದರೆ ಐದೇ ನಿಮಿಷ.

ಠಾಣೆಗೆ ಓಡಿ ಹೊಕ್ಕಾಗ ಮೂರು ಗಂಟೆ ದಾಟಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ. ಒಳಗೆ ದಪ್ಪ ಹವಾಲ್ದಾರನೊಬ್ಬ ಬೆಂದ ಅವರೆಗೆ ಈರುಳ್ಳಿ ಕಡಿದುಕೊಂಡು ತಿನ್ನುತ್ತಿದ್ದ. ನನ್ನನ್ನು ಕಂಡು ಬಾಯಿ ಒರೆಸುತ್ತ ಎದ್ದ.

"ಫೋನ್ ಯಾಕ ಎತ್ತಲಿಲ್ಲ?"

"ಆಗ ಕಂಬಿ ಕಡಿಗೆ ಇದ್ನಿರಿ ಸಾಹೇಬ್ರ."

"ಬಗ್ದಾದಿನ್ನ ಹೊರಗ ತಗಿ. ಈಗಿಂದೀಗ."

ಹವಾಲ್ದಾರ ಕಣ್ಣು ಪಿಳುಕಿಸಿದ. ನಾನು ತಮಾಷೆ ಮಾಡುತ್ತಿದ್ದೇನೋ ಎಂಬಂತೆ ಸ್ವಲ್ಪ ಹಲ್ಲು ಬಿಟ್ಟ.

"ತಗದೀವಲ್ರಿ."

"ಎಲ್ಲದಾನ?"

"ನೀವ ಕರಸ್ಕೊಂಡ್ರೆಲ್ರಿ. ಎರಡೂವರಿಗೆ ನಿಮ್ಮ ಕಚೇರಿ ಜೀಪ್ ಬಂದಿತ್ತು. ಇಬ್ಬರು ಬಂದಿದ್ರು, ನಿಮ್ಮ ಪತ್ರ ತಗೊಂಡು. ಗೋರಿ ಹತ್ರ ಗುರುತು ಹಿಡಸೂದೈತಿ, ಕಳಸ್ರಿ ಅಂತ."

ಅವನು ಮೇಜಿನ ಖಾನೆಯಿಂದ ಹಾಳೆ ತೆಗೆದು ಮುಂದೆ ಇಟ್ಟ. ನಮ್ಮ ಕಚೇರಿಯ ಮುದ್ರೆ. ಎರಡು ಸಾಲಿನ ಆದೇಶ. ಕೆಳಗೆ ನನ್ನ ಸಹಿ. ಕೊನೆಯಕ್ಷರದ ಬಾಲವನ್ನು ನಾನು ಮೇಲಕ್ಕೆ ಎಳೆದು ಒಳಕ್ಕೆ ಮಡಿಸುತ್ತೇನೆ. ಅದು ಹಾಗೆಯೇ ಮಡಿಸಿತ್ತು. ನಾನೇ ಬರೆದು ಮರೆತೆನೇನೋ ಎಂದು ನನಗೇ ಅನುಮಾನ ಬರುವಷ್ಟು ಅದು ನನ್ನ ಸಹಿಯಾಗಿತ್ತು.

"ಅವ ಒಲ್ಲೆ ಅಂದ್ನಿರಿ," ಎಂದ ಹವಾಲ್ದಾರ. ಈಗ ಅವನ ದನಿ ಸಣ್ಣಗಾಗಿತ್ತು. "ಬಂದಾವ್ರ ಒಳಗ ಒಬ್ಬನ ಮಾರಿ ನೋಡಿದಾವನ ಕಂಬಿ ಹಿಡ್ಕೊಂಡ. 'ಇವನ ಜೋಡಿ ಕಳಸಬ್ಯಾಡ್ರಿ, ಶಾಜ್ಲಿ ಬರಲಿ, ಶಾಜ್ಲಿ ಬಂದ್ರ ಹೊಕ್ಕೀನಿ' ಅಂತ ಒದರಾಕ ಹತ್ತಿದ."

"ನೀ ಏನ್ ಮಾಡ್ದಿ?"

ಅವನು ತನ್ನ ಕೈಗಳನ್ನು ನೋಡಿಕೊಂಡ.

"ಆದೇಶ ನಿಮ್ದ ಅಲ್ರಿ ಸಾಹೇಬ್ರ. ಬೆರಳು ಬಿಡಿಸಿ ಹೊರಗ ಎಳದ್ನಿ. ಆ ಮುರದ ಬೆರಳ ಅವ. ಭಾಳ ಚೀರಿದ."

ನಾನು ಅವನ ಮೇಲೆ ಕೈ ಎತ್ತಿದೆ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಹೊಡೆಯುವುದಾದರೆ ಯಾರನ್ನು ಮೊದಲು ಹೊಡೆಯಬೇಕೋ ತಿಳಿಯಲಿಲ್ಲ.

"ಯಾವ ಕಡೆ ಹೋದ್ರು?"

"ಗೇಟ್ ದಾಟಿ ಬಲಕ್ಕ ತಿರಗಿದ್ರಿ. ಮರಭೂಮಿ ಕಡಿಗೆ. ಗೋರಿ ಎಡಕ್ಕೈತಲ್ಲ, ಇವರ್ಯಾಕ ಬಲಕ್ಕ ಹೊಂಟ್ರು ಅಂತ ನನಗೂ ಅನಸ್ತು…"

ಅವನ ಮಾತು ಮುಗಿಯಲಿಲ್ಲ. ಹೊರಗಿನಿಂದ ಸದ್ದು ಕೇಳಿತು. ಮೊದಲು ಒಂದು ತಮಟೆ. ಆಮೇಲೆ ನಾಲಿಗೆಯನ್ನು ಅಲುಗಿಸುತ್ತ ಹೆಂಗಸರು ತೆಗೆಯುವ ಆ ಉದ್ದನೆಯ ಉಲಿ, ನಮ್ಮೂರಲ್ಲಿ ಮದುವೆಗೆ, ಹೆರಿಗೆಗೆ, ಜೈಲಿನಿಂದ ಗಂಡಸು ಮನೆಗೆ ಬಂದಾಗ ತೆಗೆಯುವ ಉಲಿ.

ಕಿಟಕಿಯಿಂದ ನೋಡಿದೆ. ಅರ್ಧ ಗುರ್ನಾ ಗೇಟಿನ ಹತ್ತಿರ ಇತ್ತು. ಎಲ್ಲರ ಮುಂದೆ ಶಲಬಿಯಾ. ತೋಳಿನ ಮೇಲೆ ಗಂಡನ ಇಸ್ತ್ರಿ ಮಾಡಿದ ಬಿಳಿ ಗಲಾಬಿಯಾ ನಿಲುವಂಗಿ, ತಲೆಯ ಮೇಲೆ ಬಟ್ಟೆ ಮುಚ್ಚಿದ ರೊಟ್ಟಿಯ ಬುಟ್ಟಿ. ಹೊತ್ತು ಮುಳುಗುವವರೆಗೂ ಕಾಯುವ ತಾಳ್ಮೆ ಇರಲಿಲ್ಲವೇನೋ. ತಡೆಯುವವರಿಲ್ಲದೆ ಅವಳು ಗೇಟು ತಳ್ಳಿ ಅಂಗಳಕ್ಕೆ ಕಾಲಿಟ್ಟಳು.

ಅವಳ ಮುಖದಲ್ಲಿ ಮಧ್ಯಾಹ್ನದ ಸಿಟ್ಟು ಇರಲಿಲ್ಲ. ಅವಳು ನಗುತ್ತಿದ್ದಳು.

"ಶಾಜ್ಲಿ!" ಎಂದು ಕೂಗಿದಳು. "ನಿನ್ನ ಬಾಯಿಗೆ ಸಕ್ಕರಿ ಹಾಕ್ತೀನಿ ಬಾ ತಮ್ಮಾ! ಅವನ ಕೈಗೆ ಪಟ್ಟಿ ಕಟ್ಟೀರಿಲ್ಲೊ? ಕರಕೊಂಡ ಬಾ ಹೊರಗ!"

ಆ ಹಾಳೆಯನ್ನು ಹಿಡಿದುಕೊಂಡೇ ನಾನು ಬಾಗಿಲ ಕಡೆ ನಡೆದೆ.